ಕುಡಿತ ಬಿಟ್ಟವರ ಸಹಾಯಾರ್ಥ ಊಟದಲ್ಲಿ ರಮ್ ಕೇಕ್ ಬಡಿಸಿದ ಬಗ್ಗೆ ದೂರು

ಇವರಿಗೆ,
ಹೋಟೆಲ್ ಮಾಲೀಕರು,
ಶಿವಮೊಗ್ಗ

ಮಾನ್ಯರೇ,

ಕಳೆದ ಶನಿವಾರ ಸಂಜೆ ನಿಮ್ಮ ಹೋಟೆಲಿನ ಪಾರ್ಟಿ ಹಾಲ್‌ನಲ್ಲಿ ನಮ್ಮ ಬಳಗದ ಸಹಾಯಾರ್ಥ ಊಟ ಇತ್ತು. ಹೊಸನಗರ, ಸಾಗರದ ಒಳಹಳ್ಳಿಗಳಿಂದ ಕುಡಿತ ಬಿಡುವ ಚಿಕಿತ್ಸೆಗೆ ಶಿವಮೊಗ್ಗಕ್ಕೆ ಬರುವವರ ಬಸ್ ಚಾರ್ಜು, ಮಾತ್ರೆ, ತಪ್ಪಿಹೋಗುವ ಕೂಲಿ ಇದಕ್ಕೆಲ್ಲ ಹಣ ಕೂಡಿಸುವುದು ನಮ್ಮ ಉದ್ದೇಶ. ಚಿಕಿತ್ಸೆ ಪಡೆಯುತ್ತಿರುವವರೂ ಮನೆಯವರ ಜೊತೆ ಬಂದಿದ್ದರು. ಇದನ್ನೆಲ್ಲ ಮೊದಲೇ ಹೇಳಿದ್ದೆವು. ಬುಕಿಂಗ್ ಫಾರಂನಲ್ಲಿ "ಮದ್ಯ ಯಾವ ರೂಪದಲ್ಲೂ ಬೇಡ" ಎಂದು ಬರೆದಿದ್ದೆವು. ಅದರ ಕೆಳಗೆ ನಿಮ್ಮವರ ಸಹಿಯೂ ಇದೆ.

ಕಡುಬು, ಅಕ್ಕಿ ರೊಟ್ಟಿ, ಅಪ್ಪೆಮಿಡಿ ಉಪ್ಪಿನಕಾಯಿ, ಹೋಳಿಗೆ ಎಲ್ಲ ಚೆನ್ನಾಗಿತ್ತು. ಅದರ ಬಗ್ಗೆ ತಕರಾರಿಲ್ಲ. ಆದರೆ ಕೊನೆಗೆ ನಾವು ಕೇಳದೇ ಇದ್ದ ಕೇಕ್ ಬಂತು. "ಹೋಟೆಲ್ ಕಡೆಯಿಂದ ಫ್ರೀ" ಎಂದು ಹುಡುಗರು ಎಲ್ಲ ಟೇಬಲ್ಲಿಗೂ ಇಟ್ಟು ಹೋದರು. ತೀರ್ಥಹಳ್ಳಿ ಕಡೆಯ ಒಬ್ಬರು ಹೆಂಗಸು ತಟ್ಟೆ ಹತ್ತಿರ ತಂದವರೇ ಗಂಡನ ಕೈಯಿಂದ ಚಮಚ ಕಿತ್ತುಕೊಂಡರು. ಅದು ಏನು ವಾಸನೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪಕ್ಕದ ಟೇಬಲ್ಲಿನ ಯುವಕ ಅಷ್ಟರಲ್ಲಿ ತಿಂದಾಗಿತ್ತು. ಸ್ವಲ್ಪ ಹೊತ್ತಿಗೆ ಅವನ ಮುಖ, ಕುತ್ತಿಗೆ ಕೆಂಪಗಾಯಿತು. ಎದೆ ಡವಡವ, ಆಮೇಲೆ ವಾಂತಿ. ಆಸ್ಪತ್ರೆಗೆ ಸೇರಿಸಿದೆವು. ಬೆಳಗ್ಗೆ ಮನೆಗೆ ಕಳಿಸಿದರು.

ನಿಮ್ಮ ಮ್ಯಾನೇಜರನ್ನು ಕೇಳಿದರೆ, "ಸ್ವಲ್ಪ ರಮ್ ಅಷ್ಟೇ ಸರ್, ಬೇಯಿಸಿದಾಗ ಹಾರಿಹೋಗುತ್ತೆ" ಅಂದರು. ಇದು ತಪ್ಪು. ಬೇಯಿಸಿದರೂ ಮದ್ಯ ಪೂರ್ತಿ ಹೋಗುವುದಿಲ್ಲ. ಬೆಂದ ಮೇಲೆ ಸುರಿದ ರಮ್ಮಿಗಂತೂ ಬಿಸಿಯೇ ತಾಗಿರುವುದಿಲ್ಲ. ಆ ಯುವಕ ಕುಡಿತ ಬಿಡಲು ಕೊಡುವ ಡೈಸಲ್ಫಿರಾಮ್ ಮಾತ್ರೆ ತಗೊಳ್ಳುತ್ತಿದ್ದಾನೆ. ಮದ್ಯ ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಮೈಯಲ್ಲೇ ಉಳಿಯುವಂತೆ ಆ ಮಾತ್ರೆ ಮಾಡುತ್ತದೆ. ಅದಕ್ಕೇ ಈ ಒದ್ದಾಟ. ಕೆಲವರಿಗೆ ಬಿ.ಪಿ. ಕುಸಿದು ಜೀವಕ್ಕೇ ಅಪಾಯ ಆಗುತ್ತದೆ. ಮಾತ್ರೆ ನಿಲ್ಲಿಸಿ 2 ವಾರದವರೆಗೂ ಹೀಗಾಗಬಹುದು. ಈ ಮಾತ್ರೆ ತಗೊಳ್ಳದವರಿಗೂ ಆ ರುಚಿ, ವಾಸನೆ ಸಾಕು, ಆಸೆ ಮತ್ತೆ ಕೆರಳಬಹುದು.

ನನಗೆ ಜಾಸ್ತಿ ನೋವಾಗಿದ್ದು ಇನ್ನೊಂದು ವಿಷಯಕ್ಕೆ. ಕುಡಿತ ಬಿಟ್ಟವರು ಮದುವೆ ಮನೆಗೂ ಹೋಗಲು ಹಿಂಜರಿಯುತ್ತಾರೆ. ಯಾರು ಎಲ್ಲಿ ಒತ್ತಾಯ ಮಾಡುತ್ತಾರೋ ಎಂಬ ಹೆದರಿಕೆ. ಒಂದು ಸಂಜೆಯಾದರೂ ನಾಲ್ಕು ಜನರ ನಡುವೆ ನಿಶ್ಚಿಂತೆಯಿಂದ ಕೂತು ಉಣ್ಣಲಿ ಎಂದೇ ಅವರನ್ನು ಕರೆದಿದ್ದೆವು. ಆ ತೀರ್ಥಹಳ್ಳಿಯವರು ಹೊರಡುವಾಗ, "ಇನ್ನು ಇವರನ್ನ ಎಲ್ಲಿಗೂ ಊಟಕ್ಕೆ ಕರ್ಕೊಂಡು ಬರಲ್ಲ" ಅಂದರು. ಅವರಿಗೆ ನಾವು ಏನು ಹೇಳಬೇಕು?

ಆಸ್ಪತ್ರೆಯ ಖರ್ಚು ನೀವು ಕೊಡಬೇಕು. ಆ ಯುವಕನಿಗೂ ಈ ದಂಪತಿಗೂ ಲಿಖಿತವಾಗಿ ಕ್ಷಮೆ ಕೇಳಬೇಕು. ಅವರ ಹೆಸರು ಹೊರಗೆ ಬರದಂತೆ ಪತ್ರಗಳನ್ನು ನಮ್ಮ ಕೈಗೇ ಕೊಡಿ, ನಾವು ತಲುಪಿಸುತ್ತೇವೆ. ಮುಂದೆ ಯಾರ ಕಾರ್ಯಕ್ರಮವೇ ಇರಲಿ, ಮದ್ಯ ಹಾಕಿದ ತಿಂಡಿಯ ಮುಂದೆ ಹಾಗೆಂದು ಬರೆದ ಚೀಟಿ ಇಡಿ. ಬಡಿಸುವ ಹುಡುಗರಿಗೂ ತಿಳಿಸಿ. ಪಾಪ, ಅವರಿಗೆ ಆ ದಿನ ಏನೂ ಗೊತ್ತಿರಲಿಲ್ಲ.

15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಎಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇವೆ. ಬುಕಿಂಗ್ ಫಾರಂ ಮತ್ತು ಆಸ್ಪತ್ರೆ ಬಿಲ್ಲಿನ ಪ್ರತಿ ಲಗತ್ತಿಸಿದೆ.

ಇಂತಿ,
ಕಾರ್ಯಕ್ರಮದ ಸಂಚಾಲಕರು