ಮೊದಲನೆಯದರಷ್ಟು ಇಲ್ಲ ಎಂದರೆ

ದಾವಣಗೆರೆ

ಚಿರಂಜೀವಿ ಮಗಳಿಗೆ, ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿ ಒಂಬತ್ತು ದಿನಗಳಾದವು. ಮನೆಯ ಸಮಾಚಾರವೆಲ್ಲ ನಿಮ್ಮಪ್ಪನ ಫೋನಿನಲ್ಲಿ ನಿನಗೆ ಮುಟ್ಟಿಯೇ ಇರುತ್ತದೆಯಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕು ಪುಟ ಬರೆದವಳು ಒಂದೇ ಒಂದು ಸಾಲನ್ನು, ಆಮೇಲೆ ನೆನಪಾಗಿ ಸೇರಿಸಿದವಳಂತೆ, ಹಾಳೆಯ ಅಂಚಿನಲ್ಲಿ ಅಡ್ಡಲಾಗಿ ಬರೆದಿದ್ದೀಯೆ: ‘ಚೆನ್ನಾಗಿಲ್ಲ ಎಂದು ಬೈದರೆ ತಡೆದುಕೊಳ್ಳುತ್ತೇನೆ ದೊಡ್ಡಪ್ಪ, ಆದರೆ ಮೊದಲನೆಯದರಷ್ಟು ಇಲ್ಲ ಎಂದರೆ ಏನು ಮಾಡಲಿ?’ ನಿಮ್ಮ ದೊಡ್ಡಮ್ಮ ಅದನ್ನು ಓದಿ, ನಿದ್ದೆಗೆಟ್ಟು ಹುಡುಗಿ ಏನೋ ಬರೆದಿದ್ದಾಳೆ ಎಂದು ಸುಮ್ಮನಾದಳು. ನನಗೆ ಸುಮ್ಮನಿರಲು ಆಗಲಿಲ್ಲ. ನೀನು ಹೆದರುತ್ತಿರುವ ಆ ಮಾತನ್ನು ನಾನು ಒಬ್ಬನಿಗೆ ಹೇಳಿದ್ದೇನೆ, ಅದೂ ಅಚ್ಚಿನಲ್ಲಿ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ನಿಮ್ಮ ಕಚೇರಿಯಲ್ಲಿ ನೀವು ಎರಡನೆಯ ಭಾಗವಾಗಿ ಕಟ್ಟುತ್ತಿರುವ ವಿಡಿಯೋ ಆಟ ಎಂಥದ್ದು ಎಂಬುದೇ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಅಂತರಿಕ್ಷದ ಕಥೆ, ಕೈಯಲ್ಲಿ ಬಂದೂಕು, ಆಡುವವನ ಕಣ್ಣೇ ಕಥಾನಾಯಕನ ಕಣ್ಣು ಎಂಬಷ್ಟನ್ನು ಕೇಳಿ ತಿಳಿದಿದ್ದೆ. ಕಾಲೇಜಿಗಾಗಿ ನಮ್ಮಲ್ಲಿ ಉಳಿದಿರುವ ನಿನ್ನ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಂಥ ಆಟಗಳ ಎರಡನೆಯ ಭಾಗ ಬಂದಾಗ ವಿಮರ್ಶಕರು ಏನೇನು ಹೇಳಿದ್ದಾರೆ ತೋರಿಸಪ್ಪ ಎಂದೆ. ಅವನು ಓದುವುದನ್ನು ಬಿಟ್ಟು ಬಹಳ ಸಂತೋಷದಿಂದ ಮೂರು ಸಂಜೆ ತೋರಿಸಿದ. ಇದನ್ನು ನಿಮ್ಮಪ್ಪನಿಗೆ ಹೇಳಬೇಡ.

ಮೊದಲು ತೋರಿಸಿದ್ದು ಹೇಲೋ 2. 2004ರ ನವೆಂಬರ್ 9ರಂದು ಬಂದು, ಅಮೆರಿಕ ಮತ್ತು ಕೆನಡಾಗಳಲ್ಲಿ ಒಂದೇ ದಿನದಲ್ಲಿ 12.5 ಕೋಟಿ ಡಾಲರ್ ವ್ಯಾಪಾರ ಮಾಡಿದ ಆಟವಂತೆ. ವಿಮರ್ಶೆಗಳನ್ನು ಒಟ್ಟುಗೂಡಿಸಿ ಅಂಕ ಹಾಕುವ ಮೆಟಾಕ್ರಿಟಿಕ್‌ನಲ್ಲಿ ಅದಕ್ಕೆ ನೂರಕ್ಕೆ 95 ಇದೆ. ಹಾಗಿದ್ದೂ ದೂರು ತಪ್ಪಲಿಲ್ಲ. ಕಥಾನಾಯಕನು ಯುದ್ಧವನ್ನು ಮುಗಿಸಲು ಬಂದಿದ್ದೇನೆ ಎಂದು ಹೇಳಿ ಭೂಮಿಯತ್ತ ಬರುತ್ತಿರುವಾಗ ಆಟವೇ ಮುಗಿದುಹೋಗುತ್ತದೆ. ಕಂಪನಿ ನಾಟಕದಲ್ಲಿ ಕೊನೆಯ ದೃಶ್ಯ ಇನ್ನೂ ಇರುವಾಗಲೇ ಮಂಗಳ ಹಾಡಿ ಪರದೆ ಎಳೆದಂತೆ. ಆ ಪರದೆ ಮತ್ತೆ ಏಳಲು ಜನರು 2007ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಕೆಲವು ಅಧ್ಯಾಯಗಳಲ್ಲಿ ಆಡುವವನನ್ನು ಶತ್ರುಪಕ್ಷದ ಯೋಧನ ಮೈಯೊಳಗೆ ಹೊಗಿಸಿದ್ದು ಕೂಡ ಹಲವರಿಗೆ ಹಿಡಿಸಲಿಲ್ಲವಂತೆ. ನನಗಾದರೋ ಅದೇ ಹೆಚ್ಚು ಹಿಡಿಸಿತು. ಮೊದಲನೆಯದರಲ್ಲಿ ಇಲ್ಲದಿದ್ದುದನ್ನು ಎರಡನೆಯದರಲ್ಲಿ ಮಾಡಿದರೆ ಇದು ಯಾಕೆ ಎಂದು ಕೇಳುತ್ತಾರೆ, ಇದ್ದುದನ್ನೇ ಮಾಡಿದರೆ ಹೊಸದೇನಿದೆ ಎಂದು ಕೇಳುತ್ತಾರೆ. ನೀನು ಅಂಚಿನಲ್ಲಿ ಬರೆದ ಆ ಸಾಲು ನನಗೆ ಅಲ್ಲಿಯೂ ಎದುರಾಯಿತು.

ಎರಡನೆಯ ಸಂಜೆ ಟೈಟನ್‌ಫಾಲ್ 2. ಇದರ ವಿಷಯವನ್ನು ನಾನು ನಿನಗೆ ಸಮಾಧಾನ ಹೇಳಲೆಂದೇ ಆರಿಸಿಕೊಂಡಿದ್ದೆ. 2014ರ ಮಾರ್ಚ್‌ನಲ್ಲಿ ಬಂದ ಮೊದಲನೆಯದರಲ್ಲಿ ಒಬ್ಬನೇ ಕೂತು ಆಡುವುದಕ್ಕೆ ಕಥೆಯೇ ಇರಲಿಲ್ಲ, ಇಂಟರ್‌ನೆಟ್‌ನಲ್ಲಿ ಇತರರೊಡನೆ ಸೇರಿಯೇ ಆಡಬೇಕಿತ್ತು, ಅದೇ ಅದರ ದೊಡ್ಡ ಕೊರತೆ ಎಂದು ವಿಮರ್ಶಕರು ಬರೆದಿದ್ದರು. 2016ರ ಅಕ್ಟೋಬರ್ 28ರಂದು ಬಂದ ಎರಡನೆಯದರಲ್ಲಿ ಜ್ಯಾಕ್ ಕೂಪರ್ ಎಂಬ ಸಾಮಾನ್ಯ ಸಿಪಾಯಿಗೂ ಬಿಟಿ ಎಂಬ ದೈತ್ಯ ಯಂತ್ರಕ್ಕೂ ಬೆಳೆಯುವ ಸ್ನೇಹವನ್ನು ಕಥೆಯಾಗಿ ಹೆಣೆದರು. ಕಥೆ ಚಿಕ್ಕದಾಯಿತು ಎಂದವರು ಉಂಟು, ಆದರೂ ಅದೇ ಮೆಟಾಕ್ರಿಟಿಕ್‌ನಲ್ಲಿ, ಆಡುವ ಯಂತ್ರ ಯಾವುದೆಂಬುದಕ್ಕೆ ತಕ್ಕಂತೆ, 86ರಿಂದ 89ರವರೆಗೆ ಅಂಕಗಳು ಬಂದವು. ಮೊದಲನೆಯದರ ನೆನಪು ಇಲ್ಲಿ ಎರಡನೆಯದಕ್ಕೆ ಹೊರೆಯಾಗಲಿಲ್ಲ, ಹೆಗಲು ಕೊಟ್ಟಿತು.

ಎಲ್ಲರೂ ಹೊಗಳಿದ ಒಂದು ಅಧ್ಯಾಯವನ್ನು ನಿನ್ನ ತಮ್ಮ ಆಡಿ ತೋರಿಸಿದ. ಪಾಳುಬಿದ್ದ ಪ್ರಯೋಗಶಾಲೆ, ಎಲ್ಲೆಲ್ಲೂ ಬೆಂಕಿ. ಕೈಗೆ ಕಟ್ಟಿದ ಸಾಧನವನ್ನು ಒಂದು ಸಲ ಅದುಮಿದರೆ ಅದೇ ಕಟ್ಟಡ ಕೆಡುವುದಕ್ಕಿಂತ ಹಿಂದಿನ ದಿನಕ್ಕೆ ಹೋಗಿಬಿಡುತ್ತದೆ. ಗೋಡೆಗಳು ಶುಭ್ರವಾಗಿವೆ, ದೀಪಗಳು ಉರಿಯುತ್ತಿವೆ, ಜನ ಓಡಾಡುತ್ತಿದ್ದಾರೆ. ಮತ್ತೆ ಅದುಮಿದರೆ ಮತ್ತೆ ಪಾಳು. ಅವನು ಶತ್ರುಗಳನ್ನು ತಪ್ಪಿಸಿಕೊಳ್ಳಲು ಪಟಪಟನೆ ಅದುಮುತ್ತಿದ್ದ. ನಾನು ಸ್ವಲ್ಪ ನಿಲ್ಲೋ, ಆ ದೀಪ ನೋಡಬೇಕು ಎನ್ನುತ್ತಿದ್ದೆ. ನಿಂತರೆ ಸಾಯುತ್ತೇನೆ ದೊಡ್ಡಪ್ಪ ಎಂದು ಅವನು ಓಡಿದ.

ಇಷ್ಟಾದ ಮೇಲೆ ಅವನು ಉಳಿದ ಕಥೆಯನ್ನೂ ಹೇಳಿದ, ನಾನು ಕೇಳಬಾರದಿತ್ತು. ಬಿಡುಗಡೆಗೆ ಒಂದು ವಾರ ಮುಂಚೆ ಅದೇ ಪ್ರಕಾಶಕರ ಬ್ಯಾಟಲ್‌ಫೀಲ್ಡ್ 1, ಒಂದು ವಾರ ನಂತರ ಕಾಲ್ ಆಫ್ ಡ್ಯೂಟಿಯ ಹೊಸ ಆಟ. ನಡುವೆ ಸಿಕ್ಕಿದ ಇದರ ಮಾರಾಟ ಅಂದುಕೊಂಡಷ್ಟು ಆಗಲಿಲ್ಲವಂತೆ. ನಿನ್ನ ಒಂದು ಭಯಕ್ಕೆ ಮದ್ದು ಹುಡುಕಲು ಹೋಗಿ ಇನ್ನೊಂದನ್ನು ತಂದುಕೊಟ್ಟಂತಾಯಿತು, ಬೇಸರ ಮಾಡಿಕೊಳ್ಳಬೇಡ. ಅದೇ ತಂಡ ಅದೇ ಲೋಕದಲ್ಲಿ ಕಟ್ಟಿದ ಅಪೆಕ್ಸ್ ಲೆಜೆಂಡ್ಸ್‌ಗೆ 2019ರಲ್ಲಿ ಒಂದೇ ತಿಂಗಳಿಗೆ 5 ಕೋಟಿ ಆಟಗಾರರು ಬಂದರು ಎಂದೂ ಅವನು ಸೇರಿಸಿದ. ಆದರೆ 2016ರ ಆ ನವೆಂಬರ್‌ನಲ್ಲಿ ಮನೆಗೆ ಹೋಗಿ ಊಟಕ್ಕೆ ಕೂತವರಿಗೆ 2019ರ ಸುದ್ದಿಯಿಂದ ಏನು ಪ್ರಯೋಜನ?

ಈಗ ನನ್ನ ವಿಷಯ. ನಾನು ಮೇಷ್ಟರಾಗಿದ್ದ ಕಾಲದಲ್ಲಿ ಇಲ್ಲಿನ ಒಂದು ಪತ್ರಿಕೆಗೆ ನಾಟಕ ವಿಮರ್ಶೆ ಬರೆಯುತ್ತಿದ್ದುದು ನಿನಗೆ ಗೊತ್ತು. ಯಾಕೆ ಬಿಟ್ಟೆ ಎಂಬುದು ಗೊತ್ತಿಲ್ಲ. ಕಾಟನ್ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ ನನ್ನ ಗೆಳೆಯನೊಬ್ಬ, ರಾತ್ರಿ ಪಾಳಿಯ ಕಾರ್ಮಿಕನ ಮನೆಯನ್ನು ಕುರಿತು ಒಂದು ನಾಟಕ ಬರೆದು ಆಡಿಸಿದ್ದ. ಊರೇ ಅದನ್ನು ಮೆಚ್ಚಿತು. ಹರಿಹರ, ಚಿತ್ರದುರ್ಗಗಳಲ್ಲೂ ಪ್ರಯೋಗವಾಯಿತು. ಮೂರು ವರ್ಷಗಳ ನಂತರ ಅದೇ ಮನೆ, ಅದೇ ಜನ, ಹತ್ತು ವರ್ಷ ಕಳೆದ ಮೇಲೆ ಎಂದು ಎರಡನೆಯದನ್ನು ಬರೆದ. ಅದರ ಪ್ರಯೋಗದ ದಿನ ಗಡಿಯಾರ ಕಂಬದ ಹತ್ತಿರ ಚಹಾ ಕುಡಿಯುತ್ತಾ ನಾನು ವಿಮರ್ಶೆಯ ಮೊದಲ ವಾಕ್ಯವನ್ನು ಬರೆದಿಟ್ಟುಕೊಂಡೆ. ನಾಟಕ ಶುರುವಾಗಲು ಇನ್ನೂ ಒಂದು ಗಂಟೆ ಇತ್ತು. ಆ ವಾಕ್ಯ ಹೀಗಿತ್ತು: ‘ಮೊದಲ ನಾಟಕದ ಸತ್ವ ಇದರಲ್ಲಿ ಇಲ್ಲ.’ ಸಭಾಂಗಣದಲ್ಲಿ ಎರಡೂವರೆ ಗಂಟೆ ಕೂತು, ಆ ವಾಕ್ಯಕ್ಕೆ ಸಾಕ್ಷಿ ಹುಡುಕಿದೆನೇ ಹೊರತು ನಾಟಕ ನೋಡಲಿಲ್ಲ.

ವಿಮರ್ಶೆ ಅಚ್ಚಾದ ಭಾನುವಾರ ಅವನು ಎಂದಿನಂತೆ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಮನೆಗೆ ಬಂದ. ವಿಮರ್ಶೆಯ ಮಾತೇ ಎತ್ತಲಿಲ್ಲ. ತಿಂದು ಮುಗಿಸಿ ಕೈ ಒರೆಸಿಕೊಳ್ಳುತ್ತಾ, ಮೂರನೇ ದೃಶ್ಯದಲ್ಲಿ ತಾಯಿ ಲಾಟೀನು ಸಣ್ಣ ಮಾಡುತ್ತಾ ಹೋಗುತ್ತಾಳಲ್ಲ, ರಂಗದ ಬೆಳಕೂ ಅದರ ಜೊತೆಗೇ ಇಳಿಯುತ್ತದಲ್ಲ, ಅದನ್ನು ನೋಡಿದೆಯಾ ಎಂದು ಕೇಳಿದ. ನೋಡಿದೆ, ಬಹಳ ಚೆನ್ನಾಗಿ ಬಂದಿತ್ತು ಎಂದೆ. ಆಗೆಲ್ಲ ನಮ್ಮಂಥ ಹವ್ಯಾಸಿಗಳ ಬಳಿ ಬೇರೆ ಸಲಕರಣೆ ಎಲ್ಲಿತ್ತು? ಮಡಕೆಯಲ್ಲಿ ಉಪ್ಪುನೀರು ತುಂಬಿ, ತಂತಿ ಕಟ್ಟಿದ ತಗಡನ್ನು ಅದರೊಳಗೆ ಇಳಿಬಿಟ್ಟು, ತಗಡನ್ನು ಮೆಲ್ಲಗೆ ಮೇಲೆತ್ತಿದಂತೆ ದೀಪ ಮಂಕಾಗುವ ಡಿಮ್ಮರು ಮಾಡಿಕೊಳ್ಳುತ್ತಿದ್ದರು. ಅವನು ಅದನ್ನು ಒಂದು ತಿಂಗಳು ಅಭ್ಯಾಸ ಮಾಡಿದ್ದನಂತೆ. ನನ್ನ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆವತ್ತು ಮಡಕೆ ಒಡೆದುಹೋಯಿತು ಕಣೋ, ಬೆಳಕು ಇಳಿಯಲೇ ಇಲ್ಲ’ ಎಂದ.

ಅವನು ಮೂರನೆಯದನ್ನು ಬರೆಯಲಿಲ್ಲ. ನನ್ನಿಂದಲೇ ಬರೆಯಲಿಲ್ಲ ಎಂದರೆ ಅದು ನನ್ನ ಅಹಂಕಾರವಾದೀತು. ಮಿಲ್ಲು ನಿಂತಿತು, ಸಂಸಾರ ದೊಡ್ಡದಿತ್ತು. ಸಾಯುವವರೆಗೂ ನನ್ನ ಗೆಳೆಯನಾಗಿಯೇ ಇದ್ದ ಎಂಬುದು ನನಗೆ ಇನ್ನೂ ಕಷ್ಟದ ವಿಷಯ. ಎರಡನೆಯ ನಾಟಕ ನಿಜಕ್ಕೂ ಮೊದಲನೆಯದರಷ್ಟು ಇರಲಿಲ್ಲವೋ ಏನೋ, ನನಗೆ ಇಂದಿಗೂ ಗೊತ್ತಿಲ್ಲ. ನೋಡಿದ್ದರೆ ತಾನೆ ಗೊತ್ತಾಗುವುದು.

ಆದ್ದರಿಂದ, ಹಾಗೆ ಯಾರೂ ಹೇಳುವುದಿಲ್ಲ ಎಂದು ನಿನಗೆ ಧೈರ್ಯ ಹೇಳಲು ನನ್ನಿಂದ ಆಗುವುದಿಲ್ಲ. ಹೇಳುತ್ತಾರೆ. ಮನಸ್ಸಿಟ್ಟು ಆಡಿದವರು ಹೇಳಬಹುದು, ಚಹಾ ಅಂಗಡಿಯಲ್ಲಿ ಬರೆದಿಟ್ಟುಕೊಂಡು ಬಂದವರೂ ಹೇಳಬಹುದು. ಅಧ್ಯಾಯ, ಜಾಗ, ಗಳಿಗೆ ಹೆಸರಿಸಿ ತಪ್ಪು ತೋರಿಸಿದವನನ್ನು ಎರಡು ಸಲ ಓದು. ಬರೀ ಮೊದಲನೆಯದನ್ನು ಎತ್ತಿ ಆಡುವವನನ್ನು ಒಂದು ಸಲ ಓದಿದರೂ ಹೆಚ್ಚು. ಮೊದಲ ದಿನ ಯಾವುದನ್ನೂ ಓದಬೇಡ ಎಂದು ಬರೆಯಬೇಕೆಂದಿದ್ದೆ, ಆದರೆ ನೀನು ಓದಿಯೇ ಓದುತ್ತೀಯೆ. ಊಟವಾದ ಮೇಲಾದರೂ ಓದು. ಇದಕ್ಕಿಂತ ಉಪಯೋಗದ ಮಾತು ನಿಮ್ಮ ಕಚೇರಿಯ ಹಿರಿಯರಿಗೆ ತಿಳಿದಿರಬಹುದು, ಕೇಳಲು ಸಂಕೋಚಪಡಬೇಡ.

ಒಂದೇ ಓಣಿಗೆ ಬೆಳಕು ಹೊಂದಿಸಲು ಆರು ವಾರ ಹಿಡಿಯಿತು, ಆಡುವವರು ಅದನ್ನು ಹತ್ತು ಕ್ಷಣದಲ್ಲಿ ಓಡಿ ದಾಟುತ್ತಾರೆ ಎಂದು ನೀನು ಪತ್ರದ ಎರಡನೆಯ ಪುಟದಲ್ಲಿ ನಗುತ್ತಾ ಬರೆದಿದ್ದೀಯೆ. ಅಂಚಿನ ಸಾಲು ಅಲ್ಲಿಂದಲೇ ಹುಟ್ಟಿತೆಂದು ನನಗೆ ಅನ್ನಿಸಿತು, ತಪ್ಪಿದ್ದರೆ ಹೇಳು. ಆಟ ಬಂದಾಗ ಆ ಓಣಿ ಯಾವ ಅಧ್ಯಾಯದಲ್ಲಿದೆ, ಯಾವ ಬಾಗಿಲು ದಾಟಿದ ಮೇಲೆ ಸಿಗುತ್ತದೆ ಎಂದು ನಿನ್ನ ತಮ್ಮನಿಗೆ ಬರೆದು ತಿಳಿಸು. ನನಗೆ ಗುಂಡು ಹಾರಿಸಲು ಬರುವುದಿಲ್ಲ. ಅವನು ಅಲ್ಲಿಯವರೆಗೆ ಕರೆದೊಯ್ದು ನಿಲ್ಲಿಸಲಿ. ಶತ್ರುಗಳು ಅಲ್ಲಿಗೆ ಸ್ವಲ್ಪ ತಡವಾಗಿ ಬರುವಂತೆ ಮಾಡಲು ನಿನ್ನ ಕೈಲಿ ಆಗುವುದಾದರೆ ನೋಡು.

ಇಂತಿ ನಿನ್ನ
ದೊಡ್ಡಪ್ಪ