ನಮ್ಮ ರೋಗಿಗಳ ಪ್ರಶ್ನೆಗೆ ನಮ್ಮಲ್ಲೇ ಸಂಶೋಧನೆ ನಡೆಯಲಿ: ವೈದ್ಯಕೀಯ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಬಾಯಿ ಕ್ಯಾನ್ಸರ್‌ನಿಂದ ನರಳುತ್ತಿದ್ದ ನಮ್ಮ ತಂದೆಯವರನ್ನು ಕರೆದುಕೊಂಡು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ತಿಂಗಳುಗಟ್ಟಲೆ ಅಲೆದವಳು ನಾನು. ಒಂದು ಬೆಳಿಗ್ಗೆ ಹೊಸ ಔಷಧದ ಪ್ರಯೋಗಕ್ಕೆ ಸೇರುತ್ತೀರಾ ಎಂದು ಕೇಳಿ, ಒಪ್ಪಿಗೆ ಪತ್ರವನ್ನು ಅವರ ಕೈಗೆ ಕೊಟ್ಟರು. ಪತ್ರ ಕನ್ನಡದಲ್ಲೇ ಇತ್ತು. ಮಾತನಾಡಲು ಕಷ್ಟವಾಗಿದ್ದ ಅಪ್ಪ ‘ಯಾದೃಚ್ಛಿಕ ಹಂಚಿಕೆ’ ಎಂಬ ಪದದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತಾರೆಂದು ತಿಳಿಸಿ ಹೇಳುವವರು ಅಲ್ಲಿರಲಿಲ್ಲ. ಅವರು ಸಹಿ ಹಾಕಲಿಲ್ಲ. ಸೇರಿದ್ದರೆ ಬದುಕುತ್ತಿದ್ದರೆಂದು ನಾನು ಹೇಳುತ್ತಿಲ್ಲ. ತಿಳಿದು ತೀರ್ಮಾನಿಸುವ ಅವಕಾಶ ಅವರಿಗೆ ಸಿಗಬೇಕಿತ್ತು.

ಸಂಶೋಧನೆಯಿಂದ ಬಡ ರೋಗಿಗೆ ಏನು ಸಿಗುತ್ತದೆ ಎಂಬುದಕ್ಕೆ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ಉತ್ತರ ಕೊಟ್ಟಿದೆ. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ (ಇಮ್ಯುನೊಥೆರಪಿ) ನಿವೊಲುಮ್ಯಾಬ್ ಎಂಬ ದುಬಾರಿ ಔಷಧವನ್ನು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುತ್ತಾರೆ. ಅಲ್ಲಿನ ವೈದ್ಯರು, ಗುಣವಾಗುವ ಹಂತ ದಾಟಿದ ತಲೆ ಮತ್ತು ಕುತ್ತಿಗೆ ಕ್ಯಾನ್ಸರ್ ರೋಗಿಗಳಿಗೆ ಅಗ್ಗದ ಮಾತ್ರೆಗಳ ಜೊತೆಗೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದಾಗ, ಒಂದು ವರ್ಷ ಬದುಕಿದವರ ಪ್ರಮಾಣ, ಬರೀ ಮಾತ್ರೆ ಪಡೆದವರಲ್ಲಿದ್ದ ಶೇ 16.3ರಿಂದ ಶೇ 43.4ಕ್ಕೆ ಏರಿತು. ಔಷಧ ಕಡಿಮೆ ಕೊಟ್ಟರೂ ಸಾಕೇ ಎಂಬ ಪ್ರಶ್ನೆಯನ್ನು ಔಷಧ ಮಾರುವವರಿಂದ ನಿರೀಕ್ಷಿಸುವುದು ಕಷ್ಟ. ಅದನ್ನು ಸಾರ್ವಜನಿಕ ಹಣದಿಂದಲೇ ಕೇಳಿಸಬೇಕು. ಐಐಟಿ ಬಾಂಬೆ ಮತ್ತು ಅದೇ ಆಸ್ಪತ್ರೆ ಸೇರಿ ರೂಪಿಸಿದ, ರಕ್ತದ ಕ್ಯಾನ್ಸರ್‌ಗೆ ರೋಗಿಯದೇ ರೋಗನಿರೋಧಕ ಕೋಶಗಳನ್ನು ಮಾರ್ಪಡಿಸಿ ಕೊಡುವ ಕಾರ್-ಟಿ ಕೋಶ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿತು. ವಿದೇಶದಲ್ಲಿ ಕೋಟಿಗಳಲ್ಲಿದ್ದ ವೆಚ್ಚ ಇಲ್ಲಿ ಲಕ್ಷಗಳಿಗೆ ಇಳಿಯಿತು.

ಬೆಂಗಳೂರಿಗೆ ಇದು ಕೈಗೆಟುಕದ ಕೆಲಸವೇನಲ್ಲ. ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಯಾವ ಕ್ಯಾನ್ಸರ್ ಯಾರಿಗೆ ಹೆಚ್ಚುತ್ತಿದೆ ಎಂಬ ಲೆಕ್ಕ ನಮ್ಮ ಬಳಿಯೇ ಇದೆ.

ಆದ್ದರಿಂದ ಮುಂದಿನ ಬಜೆಟ್‌ನಲ್ಲಿ, ಸರ್ಕಾರಿ ಆಸ್ಪತ್ರೆಗಳ ವೈದ್ಯರು ತಾವೇ ರೂಪಿಸುವ ಪ್ರಯೋಗಗಳಿಗೆ, ಒಪ್ಪಿಗೆ ಪತ್ರವನ್ನು ರೋಗಿಯ ಪಕ್ಕ ಕುಳಿತು ಆಡುಮಾತಿನಲ್ಲಿ ವಿವರಿಸುವ ಸಿಬ್ಬಂದಿಗೆ, ಮತ್ತು ಬೀದರ್, ರಾಯಚೂರಿನಂಥ ದೂರದ ಜಿಲ್ಲೆಗಳಿಂದ ಮರುತಪಾಸಣೆಗೆ ಬರುವವರ ಬಸ್ ಚಾರ್ಜು ಮತ್ತು ವಸತಿಗೆ ಪ್ರತ್ಯೇಕ ಅನುದಾನ ಮೀಸಲಿಡಬೇಕೆಂದು ಕೋರುತ್ತೇನೆ. ಪ್ರಯೋಗ ಮುಗಿದ ಮೇಲೆ ಅದರ ಫಲಿತಾಂಶವನ್ನು ಭಾಗವಹಿಸಿದವರ ಮನೆಗೆ, ರೋಗಿ ತೀರಿಕೊಂಡಿದ್ದರೂ, ಕನ್ನಡದಲ್ಲಿ ಬರೆದು ಕಳುಹಿಸುವಂತೆ ಆದೇಶಿಸಿ.

ಇಂತಿ,
ಬೆಂಗಳೂರಿನ ಒಬ್ಬ ಮಗಳು