ಚಾಕು ಮಾಡುವವರಿಗೆ ಹದ ಕಲಿಸುವವರು ಬೇಕು

ಮಾನ್ಯ ಸಂಪಾದಕರೇ,

ಮನೆಯಲ್ಲೇ ಚಾಕು ತಯಾರಿಸುವ ಹವ್ಯಾಸ ಯುವಕರಲ್ಲಿ ಹೆಚ್ಚುತ್ತಿದೆ, ಇದು ವಿದೇಶಿ ವಿಡಿಯೊಗಳು ಹತ್ತಿಸಿದ ಹುಚ್ಚು, ಪೊಲೀಸರು ಇದಕ್ಕೆ ಕಡಿವಾಣ ಹಾಕಬೇಕು ಎಂಬ ಓದುಗರೊಬ್ಬರ ಪತ್ರವನ್ನು ಈಚೆಗೆ ಇದೇ ಅಂಕಣದಲ್ಲಿ ಓದಿದೆ. ಬ್ಯಾಂಕ್ ನೌಕರಿಯಿಂದ ನಿವೃತ್ತನಾದ ಮೇಲೆ ಏಳು ವರ್ಷಗಳಿಂದ ಅದೇ ಹುಚ್ಚು ಹಿಡಿಸಿಕೊಂಡು, ಮನೆಯ ಹಿಂದಿನ ಕೊಟ್ಟಿಗೆಯನ್ನೇ ಕಮ್ಮಟ ಮಾಡಿಕೊಂಡಿರುವ ನಾನು ಇದಕ್ಕೆ ಉತ್ತರ ಬರೆಯದೆ ಸುಮ್ಮನಿರುವುದು ಸರಿಯಲ್ಲ ಎನ್ನಿಸಿತು.

ಮೊದಲು ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯು ಶಸ್ತ್ರವೆಂದರೆ ಏನು ಎಂದು ವಿವರಿಸುವಾಗಲೇ, ಮನೆ ಬಳಕೆಗೆ ಅಥವಾ ಕೃಷಿಗೆಂದೇ ರೂಪಿಸಿದ ವಸ್ತುಗಳನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅದರ ನಿಯಮಾವಳಿಯು ಖಡ್ಗ, ಕಠಾರಿ, ಭರ್ಜಿಗಳನ್ನು ಹೆಸರಿಸಿ, 9 ಇಂಚಿಗಿಂತ ಉದ್ದವಾದ ಇಲ್ಲವೇ 2 ಇಂಚಿಗಿಂತ ಅಗಲವಾದ ಅಲಗುಗಳನ್ನು ಹರಿತ ಆಯುಧಗಳ ವರ್ಗಕ್ಕೆ ಸೇರಿಸುತ್ತದೆ. ಅಲ್ಲಿಯೂ ಗೃಹಕೃತ್ಯ, ಬೇಸಾಯ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವುಗಳಿಗೆ ವಿನಾಯಿತಿ ಇದೆ. ಹಾಗಿಲ್ಲದೆ ಹೋಗಿದ್ದರೆ ಸಾಗರದ ಸುತ್ತಮುತ್ತ ಪ್ರತಿ ತೋಟದ ಮನೆಯ ಮಾಡಿನಲ್ಲಿ ಸಿಕ್ಕಿಸಿಟ್ಟ ಮಚ್ಚು ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತಿತ್ತು. ಕಠಾರಿ ಮಾಡಿ ಶೋಕಿಗೆ ಮಾರುವವರ ಪರವಾಗಿ ನಾನು ವಾದಿಸುವುದಿಲ್ಲ. ಆರು ಇಂಚಿನ ತರಕಾರಿ ಚಾಕು ಮಾಡುವವನನ್ನು ಅವರ ಸಾಲಿನಲ್ಲಿ ನಿಲ್ಲಿಸಬೇಡಿ ಎಂದಷ್ಟೇ ಕೇಳುತ್ತೇನೆ.

ಇದು ಪರದೇಶದ ಹುಚ್ಚು ಎಂಬ ಮಾತು ಮಾತ್ರ ನನಗೆ ನಗು ತರಿಸಿತು. ಪಾಶ್ಚಾತ್ಯರು ‘ವೂಟ್ಜ್’ ಎಂದು ಹೊಗಳಿದ ಮೂಸೆಯುಕ್ಕಿನ ಹೆಸರು ನಮ್ಮ ‘ಉಕ್ಕು’ ಎಂಬ ಪದದಿಂದಲೇ ಹುಟ್ಟಿದ್ದೆಂಬುದು ವಿದ್ವಾಂಸರಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಮಾತು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್, ಮಣ್ಣಿನ ಮೂಸೆಯೊಳಗೆ ಕಬ್ಬಿಣದ ಜೊತೆ ತಂಗಡಿ ಗಿಡದ ಕಡ್ಡಿಯನ್ನಿಟ್ಟು ಉಕ್ಕು ಮಾಡುವ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. 1820ರ ಸುಮಾರಿಗೆ ಲಂಡನ್ನಿನಲ್ಲಿ ಈ ಉಕ್ಕಿನ ಗುಟ್ಟನ್ನು ಅರಸಿ ಪ್ರಯೋಗ ಮಾಡಿದವರು ವಿಜ್ಞಾನಿ ಮೈಕೆಲ್ ಫ್ಯಾರಡೆ ಮತ್ತು ಚಾಕು–ಕತ್ತರಿ ತಯಾರಕ ಜೇಮ್ಸ್ ಸ್ಟೋಡಾರ್ಟ್. ಆ ಫ್ಯಾರಡೆಯ ತಂದೆ ಕಮ್ಮಾರ. ಕೊಡವರ ಪೀಚೆಕತ್ತಿ, ಒಡಿಕತ್ತಿಗಳಿಗೆ ಆಯುಧಗಳ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಸಲ್ಲುವ ಪೂಜೆಯನ್ನಾಗಲಿ, ನಮ್ಮಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ ಆಯುಧಪೂಜೆಯ ದಿನ ಹಚ್ಚುವ ಕುಂಕುಮವನ್ನಾಗಲಿ ಯಾವ ವಿಡಿಯೊ ಕಲಿಸಿತು?

ವಿಡಿಯೊಗಳ ಬಗ್ಗೆ ಆ ಓದುಗರಿಗೆ ಇರುವ ಅಸಮಾಧಾನ ನನಗೂ ಇದೆ, ಕಾರಣ ಮಾತ್ರ ಬೇರೆ. ಅವು ಅಲಗಿನ ಆಕಾರವನ್ನು ಕಲಿಸುತ್ತವೆ, ಉಕ್ಕನ್ನು ಎಷ್ಟು ಕಾಯಿಸಿ ಹೇಗೆ ತಣಿಸಬೇಕೆಂಬ ಹದವನ್ನು ಕಲಿಸುವುದಿಲ್ಲ. ಗುಜರಿ ಅಂಗಡಿಯಿಂದ ತಂದ ಲಾರಿಯ ಸ್ಪ್ರಿಂಗ್ ಪ್ಲೇಟಿನ ತುಂಡೊಂದನ್ನು ಎರಡು ವಾರ ಅರದಿಂದ ಉಜ್ಜಿ ನಾನು ಮೊದಲ ಚಾಕು ಮಾಡಿದೆ. ಕೆಂಪಗೆ ಕಾಯಿಸಿ ಬಕೆಟ್ಟಿನ ನೀರಿಗೆ ಅದ್ದಿದೆ. ಟಿಣ್ ಎಂದು ಸಣ್ಣ ಸದ್ದಾಯಿತು. ಒರೆಸಿ ನೋಡಿದರೆ ಅಲಗಿನ ಬಾಯಿಯಿಂದ, ಅಂದರೆ ಹರಿತದ ಅಂಚಿನಿಂದ, ಬೆನ್ನಿನವರೆಗೆ ಕೂದಲೆಳೆಯಷ್ಟು ಸಪೂರವಾದ ಗೆರೆ. ಅದನ್ನು ನಮ್ಮೂರಿನ ಕುಲುಮೆಗೆ ಒಯ್ದು ತೋರಿಸಿದೆ. ಎಪ್ಪತ್ತು ದಾಟಿದ ಆಚಾರರು ಅಲಗನ್ನು ಬೆರಳ ತುದಿಯಲ್ಲಿ ತೂಗಿಸಿ ಉಗುರಿನಿಂದ ಮೀಟಿ, ಆ ಬಿರುಕು ದನಿಯನ್ನು ಕೇಳಿಸಿಕೊಂಡು, “ಇದು ನೀರು ಕುಡಿಯೋ ಕಬ್ಬಿಣ ಅಲ್ಲ ಮಾರಾಯ್ರೆ, ಎಣ್ಣೆ ಕುಡಿಯೋದು” ಎಂದರು.

ಅವರ ಮಾತಿಗೆ ಲೋಹವಿಜ್ಞಾನದ ಬೆಂಬಲವಿದೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಸ್ಪ್ರಿಂಗ್ ಉಕ್ಕಿನಲ್ಲಿ ಇಂಗಾಲ ಶೇ 0.5ರಿಂದ 0.6ರಷ್ಟಿದ್ದು, ಜೊತೆಗೆ ಮ್ಯಾಂಗನೀಸ್, ಸಿಲಿಕಾನ್ ಅಥವಾ ಕ್ರೋಮಿಯಂ ಬೆರೆತಿರುವುದರಿಂದ ಎಣ್ಣೆಯಲ್ಲಿ ತುಸು ನಿಧಾನವಾಗಿ ತಣಿದರೂ ಅದು ಗಡಸಾಗುತ್ತದೆ. ನೀರಿನ ಹಠಾತ್ ತಂಪನ್ನು ತೆಳುವಾದ ಬಾಯಿ ತಡೆಯಲಾರದೆ ಸೀಳುತ್ತದೆ. ಕಟ್ಟಡಕ್ಕೆ ಬಳಸುವ ಸರಳಿನಲ್ಲಿ ಇಂಗಾಲವೇ ಕಡಿಮೆ, ಅದನ್ನು ಏನು ಕಾಯಿಸಿ ಅದ್ದಿದರೂ ಚಾಕುವಿಗೆ ಬೇಕಾದ ಗಡಸು ಬರುವುದಿಲ್ಲ. ಆದರೂ ಹೊಸಬರು ಮೊದಲು ಕೈ ಹಾಕುವುದು ಅದಕ್ಕೇ.

ಸರಿಯಾದ ಕಾವನ್ನು ಗುರುತಿಸುವುದು ಇದಕ್ಕಿಂತ ಕಷ್ಟ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ, ಅಲ್ಲಿಂದ ಇನ್ನೂ ಸ್ವಲ್ಪ ಮೇಲಕ್ಕೆ ಕಾಯಿಸಿ ಎಣ್ಣೆಗೆ ಇಳಿಸಬೇಕು. ನಾನು ಅದಕ್ಕೆಂದು ಒಲೆಯ ಪಕ್ಕ ಅಯಸ್ಕಾಂತವೊಂದನ್ನು ತಂತಿಯಲ್ಲಿ ತೂಗುಹಾಕಿಕೊಂಡಿದ್ದೇನೆ. ಆಚಾರರಿಗೆ ಅದು ಬೇಕಿಲ್ಲ. ಅವರ ಕುಲುಮೆ ಏಕೆ ಅಷ್ಟು ಕತ್ತಲು ಎಂದು ನಾನು ವರ್ಷಗಟ್ಟಲೆ ಅಂದುಕೊಂಡಿದ್ದೆ; ಬಿಸಿಲಿನಲ್ಲಿ ಕಬ್ಬಿಣದ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆಂದು ಅವರ ಅಜ್ಜನ ಕಾಲದಿಂದಲೂ ಆ ಕಡೆಗೆ ಕಿಟಕಿಯನ್ನೇ ಇಟ್ಟಿಲ್ಲವಂತೆ. ಕೆಂಪಾದ ಅಲಗಿನೊಳಗೆ ಮಸುಕು ನೆರಳೊಂದು ಆಡುತ್ತಿರುತ್ತದೆ, ಅದು ಪೂರ್ತಿ ಕರಗಿತೆಂದರೆ ಕಾವು ಬಂತು. ಆಗ ಅವರು ಬಾಯಿಯ ಕಡೆಯನ್ನಷ್ಟೇ ಹೊಂಗೆಣ್ಣೆಗೆ ಅದ್ದಿ ತೆಗೆದು, ಇಟ್ಟಿಗೆಯ ಚೂರಿನಿಂದ ಪಕ್ಕವನ್ನು ಉಜ್ಜಿ ಹೊಳೆಯಿಸಿ, ಸುಮ್ಮನೆ ನೋಡುತ್ತ ಕೂರುತ್ತಾರೆ. ಬೆನ್ನಿನಲ್ಲಿ ಉಳಿದ ಬಿಸಿ ಬಾಯಿಯ ಕಡೆಗೆ ಹರಿಯುತ್ತಿದ್ದಂತೆ ಹೊಳಪಿನ ಮೇಲೆ ಒಣಹುಲ್ಲಿನ ಹಳದಿ, ಅದರ ಬೆನ್ನಿಗೆ ಕಂದು, ನೇರಳೆ, ನೀಲಿ ಒಂದರ ಹಿಂದೊಂದು ಸರಿದು ಬರುತ್ತವೆ. ಹುಲ್ಲಿನ ಬಣ್ಣ ಬಾಯಿಯಂಚನ್ನು ಮುಟ್ಟಿದ ಗಳಿಗೆಯಲ್ಲಿ ಇಡೀ ಅಲಗು ಎಣ್ಣೆಗೆ ಬೀಳುತ್ತದೆ. ಗಡಸಾದ ಅಲಗು ಸುಲಭವಾಗಿ ಮುರಿಯದಂತೆ ಮಾಡುವ ಅದೇ ಕೆಲಸಕ್ಕೆ ನಾನು ಅದನ್ನು ಅಡುಗೆಮನೆಯ ಓವನ್ನಿನಲ್ಲಿ 200 ಡಿಗ್ರಿಯಲ್ಲಿ ಎರಡೆರಡು ತಾಸಿನಂತೆ ಎರಡು ಸಲ ಬೇಯಿಸುತ್ತೇನೆ. (ಒಳಗೆ ಕೇಕ್ ಇದೆಯೆಂದುಕೊಂಡು ಬಾಗಿಲು ತೆರೆದ ಮೊಮ್ಮಗಳು ಇನ್ನೂ ನನ್ನನ್ನು ಕ್ಷಮಿಸಿಲ್ಲ.)

ಅಪಾಯ ಇಲ್ಲವೆಂದು ನಾನು ಹೇಳುತ್ತಿಲ್ಲ. ಹೊಳಪು ಕೊಡುವ ಬಟ್ಟೆಯ ಚಕ್ರವು ಒಮ್ಮೆ ಚಾಕುವಿನ ಮೊನೆಯನ್ನು ಕಚ್ಚಿ ನನ್ನ ಕೈಯಿಂದ ಕಿತ್ತು, ಪಾದದಿಂದ ಗೇಣು ದೂರದ ನೆಲಕ್ಕೆ ಬಡಿಯಿತು; ಆ ದಿನದಿಂದ ಕೊನೆಯ ಹೊಳಪನ್ನು ಮರಳು ಕಾಗದದಿಂದ ಕೈಯಲ್ಲೇ ಕೊಡುತ್ತೇನೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಎಣ್ಣೆ ಇಟ್ಟು ಬೆಂಕಿ ಎಬ್ಬಿಸಿಕೊಳ್ಳುವವರು, ಸತು ಲೇಪಿಸಿದ ಪೈಪಿನಿಂದ ಒಲೆ ಮಾಡಿ ಅದರ ಹೊಗೆ ಕುಡಿದು ಜ್ವರ ಹಿಡಿಸಿಕೊಳ್ಳುವವರು, ಕನ್ನಡಕವಿಲ್ಲದೆ ಗ್ರೈಂಡರ್ ಮುಂದೆ ನಿಲ್ಲುವವರು ಇದ್ದಾರೆ. ವಿದೇಶಿ ವಿಡಿಯೊ ನೋಡಿ ಜಿಂಕೆಯ ಕೊಂಬಿನ ಹಿಡಿಗೆ ಆಸೆಪಡುವ ಹುಡುಗರಿಗಂತೂ, ಕಾಡಿನಲ್ಲಿ ತಾನಾಗಿ ಉದುರಿದ ಕೊಂಬನ್ನು ಎತ್ತಿ ತಂದಿಟ್ಟುಕೊಂಡರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಿಕ್ಕಿಬೀಳುತ್ತೀರಿ ಎಂದು ಯಾರಾದರೂ ಕನ್ನಡದಲ್ಲಿ ಹೇಳಬೇಕು. ಹಲಸು, ಹುಣಸೆ, ಜಾಲಿಯ ಕಟ್ಟಿಗೆಗೆ ಏನು ಕೊರತೆಯಾಗಿದೆ?

ಇವಾವುದನ್ನೂ ಪೊಲೀಸರು ಸರಿಪಡಿಸಲಾರರು, ಎದುರು ನಿಂತು ಕಲಿಸುವವರು ಸರಿಪಡಿಸಬಲ್ಲರು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ತರಬೇತಿಗೆ ಬಂದವರಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ ನೆರವು ಇದೆ. ಒಳ್ಳೆಯದೇ. ಆದರೆ ಕಣ್ಣಳತೆಯಲ್ಲೇ ಹದ ಹಿಡಿಯುವ ಮನುಷ್ಯನನ್ನು ಅಲ್ಲಿ ಶಿಷ್ಯನ ಬೆಂಚಿನಲ್ಲಿ ಕೂರಿಸಲಾಗುತ್ತದೆ. ನಮ್ಮ ಆಚಾರರ ಕುಲುಮೆಯಲ್ಲಿ ಈಗ ವಾರಕ್ಕೆ ಮೂರು ದಿನ ಮಾತ್ರ ಬೆಂಕಿ, ಮಗ ಬೆಂಗಳೂರಿನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಅದೇ ಹೊತ್ತಿಗೆ ಬೆಂಗಳೂರಿನಿಂದ ರಜೆಗೆ ಊರಿಗೆ ಬಂದ ಇಬ್ಬರು ಸಾಫ್ಟ್‌ವೇರ್ ಹುಡುಗರು ಹೋದ ಬೇಸಿಗೆಯಲ್ಲಿ ಐದು ದಿನ ಅವರ ತಿದಿಯ ಮುಂದೆ ಕೂತು, ದಿನಕ್ಕೆ ಸಾವಿರ ರೂಪಾಯಿ ಗುರುದಕ್ಷಿಣೆ ಕೊಟ್ಟು, ತಲಾ ಒಂದು ಚಾಕು ಮಾಡಿಕೊಂಡು ಹೋದರು. ಕುಡುಗೋಲು ತಟ್ಟಿ ಆ ಐದು ದಿನದಲ್ಲಿ ಆಚಾರರಿಗೆ ಅಷ್ಟು ಹುಟ್ಟುತ್ತಿರಲಿಲ್ಲ.

ಆದ್ದರಿಂದ ಸರ್ಕಾರಿ ಐಟಿಐಗಳು ತಮ್ಮ ಫಿಟ್ಟರ್ ವಿಭಾಗದ ಕಾರ್ಯಾಗಾರವನ್ನು ತಿಂಗಳಿಗೆ ಎರಡು ಭಾನುವಾರ ಹವ್ಯಾಸಿಗಳಿಗೆ ಶುಲ್ಕ ಪಡೆದು ತೆರೆಯಲಿ, ಸುರಕ್ಷತೆಯ ಪಾಠವನ್ನು ಸಂಸ್ಥೆಯ ಬೋಧಕರು ಮಾಡಲಿ, ಹದದ ಪಾಠಕ್ಕೆ ಆಯಾ ತಾಲ್ಲೂಕಿನ ಕಮ್ಮಾರರನ್ನು ಗೌರವಧನ ಕೊಟ್ಟು ಕರೆಯಲಿ ಎಂದು ಕೈಗಾರಿಕಾ ತರಬೇತಿ ಇಲಾಖೆಯನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಆಯುಧಪೂಜೆಯ ನಂತರದ ಭಾನುವಾರ ಆರಂಭಿಸುವುದಾದರೆ ಸಾಗರದಲ್ಲಿ ಮೊದಲ ಶುಲ್ಕ ಕಟ್ಟುವವನು ನಾನೇ.

— ನಿವೃತ್ತ ಬ್ಯಾಂಕ್ ನೌಕರ, ಸಾಗರ ತಾಲ್ಲೂಕು